ಜೊತೆಗೆ ಬಂದವಳು

ಮೆಟ್ರೋದಲ್ಲಿ ಕುಸುಮಾ ಪಕ್ಕದ ಹೆಂಗಸಿನ ಜೊತೆ ಮಾತಿಗಿಳಿದದ್ದು ಯೋಗಾನಂದನಿಗೆ ಹಿಡಿಸಲಿಲ್ಲ. ವಿಜಯನಗರದಲ್ಲಿ ಹತ್ತಿದಾಗ ಅವಳಿಗೆ ಮಾತ್ರ ಸೀಟು ಸಿಕ್ಕಿ, ಅವನು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಿದ್ದ. ಅತ್ತಿಗುಪ್ಪೆ ದಾಟಿ ದೀಪಾಂಜಲಿನಗರ ಬರುವಷ್ಟರಲ್ಲಿ ಆ ಹೆಂಗಸಿನ ಊರು ಯಾವುದು, ಸೊಸೆಗೆ ಎಷ್ಟು ತಿಂಗಳು, ಕೆಂಗೇರಿ ಉಪನಗರದಲ್ಲಿ ನೀರು ಯಾವ ಹೊತ್ತಿಗೆ ಬಿಡುತ್ತಾರೆ ಎಂಬುದೆಲ್ಲ ಕುಸುಮಾಳಿಗೆ ಗೊತ್ತಾಗಿಹೋಗಿತ್ತು. ಅವಳ ದನಿ ಮೊದಲಿನಿಂದಲೂ ದೊಡ್ಡದು. ಹಳೇ ಕೆಂಗೇರಿಯಲ್ಲಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವವರ ಮನೆಯಲ್ಲಿ ಹುಟ್ಟಿ ಬೆಳೆದವಳು. ಎಲ್ಲರೂ ತಲೆ ತಗ್ಗಿಸಿ ಫೋನು ನೋಡುತ್ತ ಕೂತಿದ್ದ ಆ ತಣ್ಣನೆಯ ಬೋಗಿಯಲ್ಲಿ ಅವಳ ಮಾತೊಂದೇ ಈ ತುದಿಯಿಂದ ಆ ತುದಿಯವರೆಗೂ ಓಡಾಡುತ್ತಿದೆ ಎಂದು ಅವನಿಗೆ ಅನ್ನಿಸಿತು. "ನಮ್ಮನೆಯವರು ಡ್ರಾಯಿಂಗ್ ಮಾಸ್ಟ್ರು. ಈಗ ರಿಟೈರ್ ಆಗಿದಾರೆ. ಕೆಂಗೇರೀಲಿ ಅದೇನೋ ಫಾರಿನ್ನೋರ ಚಿತ್ರಗಳನ್ನ ಇಟ್ಟಿದಾರಂತೆ, ನೋಡ್ಕೊಂಡು ಬರೋಣ ಅಂತ ಹೊರಟಿದೀವಿ" ಎಂದು ಅವಳು ಅವನತ್ತ ಕೈ ತೋರಿಸಿದಳು. ಆ ಹೆಂಗಸು ಅವನನ್ನು ಒಮ್ಮೆ ಪೂರ್ತಿ ನೋಡಿ ನಕ್ಕಳು. ಅವನು ಕಿಟಕಿಯ ಕಡೆ ತಿರುಗಿದ. ಕೆಳಗೆ ಮೈಸೂರು ರಸ್ತೆ, ಅದರ ಪಕ್ಕಕ್ಕೆ ವೃಷಭಾವತಿಯ ಕಪ್ಪು ನೀರು, ನೀರಿನ ಮೇಲೆ ದಪ್ಪ ನೊರೆ. ಡ್ರಾಯಿಂಗ್ ಮಾಸ್ಟ್ರು. ಸುಳ್ಳೇನೂ ಅಲ್ಲ. ರಾಜಾಜಿನಗರದ ಹೈಸ್ಕೂಲಿನಲ್ಲಿ ಅರ್ಧ ಆಯಸ್ಸು ಕಪ್ಪು ಹಲಗೆಯ ಮೇಲೆ ಹೂಜಿ, ಸೇಬು, ಎರಡು ಗುಡ್ಡಗಳ ನಡುವಿನ ಸೂರ್ಯ ಬರೆದು ತೋರಿಸಿದವನು. ಆದರೂ ಆ ಮಾತನ್ನು ಇವತ್ತು, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟ ದಿನ, ಅವಳು ಆಡಬಾರದಿತ್ತು.

ಅವಳನ್ನು ಬಲವಂತ ಮಾಡಿ ಕರೆತಂದವನು ತಾನೇ ಎಂಬುದು ಅವನಿಗೆ ನೆನಪಿತ್ತು. ಆ ಭಾನುವಾರ ಬಾಪೂಜಿ ನಗರದಲ್ಲಿರುವ ತಮ್ಮನ ಮನೆಗೆ ಹೋಗಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದಳು. "ನಂಗೇನು ಗೊತ್ತಾಗುತ್ತೆ ಅಲ್ಲಿ? ನೀವು ಹೋಗ್ಬನ್ನಿ" ಎಂದಿದ್ದಳು. ಅವನು ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೇಳಿದ: ಅತಿವಾಸ್ತವ, ಅಂದರೆ ಸರ್ರಿಯಲಿಸ್ಟ್, ಚಿತ್ರಕಲೆಗೆ ನೂರು ವರ್ಷ, ಎಷ್ಟೋ ದೇಶಗಳಿಂದ ಗ್ಯಾಲರಿಗಳು, ನಮ್ಮ ಕಡೆ ಇಂಥದ್ದು ಆಗುವುದು ಇದೇ ಮೊದಲು. ಒಬ್ಬನೇ ಹೋಗಲು ಹೆದರಿಕೆ ಎಂದು ಮಾತ್ರ ಹೇಳಲಿಲ್ಲ. ಹಿಂದೊಮ್ಮೆ ಊರಿನ ಇನ್ನೊಂದು ಮೂಲೆಯ ಗ್ಯಾಲರಿಯೊಂದರ ಉದ್ಘಾಟನೆಗೆ ಒಬ್ಬನೇ ಹೋಗಿದ್ದ. ಎಲ್ಲರೂ ಗುಂಪು ಗುಂಪಾಗಿ ನಿಂತು ನಗುತ್ತಿದ್ದರು. ಅವನು ಕೈಯಲ್ಲಿ ತಟ್ಟೆ ಹಿಡಿದು ಗೋಡೆಗೆ ಒರಗಿ, ಒಂದೇ ಚಿತ್ರವನ್ನು ತುಂಬಾ ಹೊತ್ತು ನೋಡುವವನಂತೆ ನಟಿಸುತ್ತ, ಯಾರಾದರೂ ಮಾತಾಡಿಸಿಯಾರೆಂದು ಕಾದು, ಕೊನೆಗೆ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಹೊರಟುಬಂದಿದ್ದ. ಜೊತೆಗೆ ಯಾರಾದರೂ ಇದ್ದರೆ ಅವರಿಗೆ ವಿವರಿಸುವ ನೆಪದಲ್ಲಾದರೂ ತುಟಿ ಅಲ್ಲಾಡುತ್ತದೆ. ಅಷ್ಟಕ್ಕಾಗಿ ಅವಳು ತಮ್ಮನಿಗೆ ಫೋನು ಮಾಡಿ, "ಇವತ್ತು ಆಗಲ್ಲ ಕಣೋ, ಇವರ ಜೊತೆ ಹೋಗ್ಬೇಕು" ಎಂದು, ಬೀರುವಿನಿಂದ ನೇರಳೆ ಬಣ್ಣದ ರೇಷ್ಮೆ ಸೀರೆ ತೆಗೆದಿದ್ದಳು. ರೇಷ್ಮೆ ಬೇಡ ಎನ್ನಬೇಕೆನ್ನಿಸಿ ಸುಮ್ಮನಾಗಿದ್ದ.

ಚಿತ್ರಮೇಳವಿದ್ದದ್ದು ಕೆಂಗೇರಿ ಸ್ಟೇಷನ್ನಿನಿಂದ ಸ್ವಲ್ಪ ಆಚೆ, ಮುಚ್ಚಿಹೋಗಿದ್ದ ಒಂದು ನೂಲಿನ ಗಿರಣಿಯಲ್ಲಿ. ಯಂತ್ರಗಳನ್ನೆಲ್ಲ ಕಿತ್ತು, ಶೆಡ್ಡುಗಳಿಗೆ ಸುಣ್ಣ ಬಳಿದು, ನಡುನಡುವೆ ಬಿಳಿ ಗೋಡೆಗಳನ್ನು ನಿಲ್ಲಿಸಿದ್ದರು. "ಇದರ ಹಿಂದೆ ನಮ್ಮ ಚಿಕ್ಕಪ್ಪನ ರಾಗಿ ಹೊಲ ಇತ್ತು ರೀ. ಗಿರಣಿ ಸೈರನ್ ಆದ್ರೆ ನಾವು ಬುತ್ತಿ ಬಿಚ್ತಿದ್ವಿ" ಎಂದು ಕುಸುಮಾ ಟಿಕೆಟ್ಟಿನ ಸಾಲಿನಲ್ಲಿ ನಿಂತೇ ಹೇಳತೊಡಗಿದಳು. ಮುಂದಿದ್ದ ಹುಡುಗಿ ತಿರುಗಿ ನೋಡಿದಳು. ಯೋಗಾನಂದ, "ಹೂಂ, ಒಳಗೆ ಹೋಗೋಣ, ಮೆಲ್ಲಗೆ ಮಾತಾಡು" ಎಂದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹಿಂದೆ ಬಂದಳು.

ಒಳಗಿನ ಮೌನ ಅವನನ್ನು ಒಮ್ಮೆಲೇ ಕಾಲೇಜಿನ ದಿನಗಳಿಗೆ ಎಳೆದೊಯ್ದಿತು. ಈ ಚಿತ್ರಗಳನ್ನೇ, ಇಂಥವನ್ನೇ, ಲೈಬ್ರರಿಯ ದಪ್ಪ ಪುಸ್ತಕಗಳ ಮಸುಕು ಅಚ್ಚಿನಲ್ಲಿ ನೋಡಿ ಅವನ ನಿದ್ದೆ ಕೆಟ್ಟಿತ್ತು. ಆಗ ತಾನೂ ಬರೆದಿದ್ದ: ಹೊಟ್ಟೆಯೊಳಗೆ ಬಾವಿಯಿರುವ ಎತ್ತು, ಕೂದಲು ಬೆಳೆದ ಕಲ್ಲು. ಬಾಗಲಕೋಟೆ ಕಡೆಯಿಂದ ಬಂದಿದ್ದ ಬಸವಕುಮಾರ್ ಎಂಬ ಸಹಪಾಠಿ ರೂಮಿನ ನೆಲದ ಮೇಲೆ ಅಂಗಾತ ಮಲಗಿ, "ನೀನು ಇದನ್ನ ಬಿಡಬ್ಯಾಡಲೇ" ಎಂದಿದ್ದ. ಅವನು ಬಿಟ್ಟ. ಬಿಟ್ಟೆ ಎಂದು ಯಾವತ್ತೂ ನಿರ್ಧಾರ ಮಾಡಿದ ನೆನಪಿಲ್ಲ. ಕೆಲಸ ಸಿಕ್ಕಿತು, ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ ಮಾಡಿದ್ದಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಇವತ್ತಲ್ಲ ನಾಳೆ ಎಂದುಕೊಳ್ಳುತ್ತಲೇ ಬಣ್ಣದ ಟ್ಯೂಬುಗಳು ಗಟ್ಟಿಯಾದವು. ಬಸವಕುಮಾರ್ ಪರದೇಶಕ್ಕೆ ಹೋದ, ಹೆಸರು ಮಾಡಿದ. ಅವನ ಫೋಟೋ ಪತ್ರಿಕೆಯಲ್ಲಿ ಬಂದಾಗಲೆಲ್ಲ ಯೋಗಾನಂದ ಪುಟ ತಿರುಗಿಸಿ, ಕುಸುಮಾ ಒಳಗೆ ಹೋದ ಮೇಲೆ ಮತ್ತೆ ಅದೇ ಪುಟಕ್ಕೆ ಬರುತ್ತಿದ್ದ. ಇಂಥವನೊಬ್ಬ ತನಗೆ ಗೊತ್ತೆಂದು ಅವಳಿಗೆ ಹೇಳಿಯೇ ಇರಲಿಲ್ಲ.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ಈ ಕಲಾವಿದರಿಗೆ ಕನಸೇ ಕಾರ್ಯಾಗಾರ. ಎಚ್ಚರದ ಬುದ್ಧಿ ಮುಚ್ಚಿಟ್ಟದ್ದನ್ನು ಅವರು ನಿದ್ದೆಯಿಂದ ಹೊತ್ತು ತಂದರು. ಅವನು ಅದನ್ನು ಕುಸುಮಾಳಿಗೆ ವಿವರಿಸಲು ಬಾಯಿ ತೆರೆದವನು ನಿಂತ. ಅವಳು ಕನಸು ಹೇಳುತ್ತಿದ್ದಳಲ್ಲವೇ? ಮದುವೆಯಾದ ಹೊಸತರಲ್ಲಿ, ಆ ಬಾಡಿಗೆ ಮನೆಯ ಕತ್ತಲೆ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ, ದಿನಾ ಬೆಳಿಗ್ಗೆ. ರಾಗಿ ತೆನೆಯ ಬದಲು ಹೊಲದ ತುಂಬ ಬಳೆಗಳು ಬೆಳೆದದ್ದು, ಸತ್ತ ಅಜ್ಜಿ ಬಸ್ಸಿನ ಟಿಕೆಟ್ ಕೊಡುತ್ತ ಬಂದದ್ದು. ಅವನು ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ಹೂಂಗುಟ್ಟುತ್ತಿದ್ದ. ಒಂದು ದಿನ ಶಾಲೆಗೆ ಹೊತ್ತಾಗಿ, "ಬೆಳಿಗ್ಗೆ ಬೆಳಿಗ್ಗೆ ಏನೇ ನಿನ್ನ ಪುರಾಣ" ಎಂದಿದ್ದ. ಅದಾದ ಮೇಲೆ ಅವಳು ಹೇಳುವುದನ್ನು ನಿಲ್ಲಿಸಿದಳೋ, ಅಥವಾ ಇನ್ನೂ ಕೆಲವು ಕಾಲ ಹೇಳಿ ತಾನಾಗಿಯೇ ಸುಮ್ಮನಾದಳೋ ಅವನಿಗೆ ತಿಳಿಯದು. ನಿಂತದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಈಗ ಕೇಳಿದರೆ ಹೇಗೆ ಎಂದು ತಿರುಗಿದಾಗ ಅವಳು ಪಕ್ಕದಲ್ಲಿರಲಿಲ್ಲ. ಚಿತ್ರದಿಂದ ಚಿತ್ರಕ್ಕೆ ಬೇಗ ಬೇಗ ನಡೆಯುತ್ತ, ಎಲ್ಲವನ್ನೂ ಮುಟ್ಟುವ ಆಸೆ ತಡೆದುಕೊಂಡವಳಂತೆ ಕೈ ಹಿಂದಕ್ಕೆ ಕಟ್ಟಿಕೊಂಡು, ಶೆಡ್ಡಿನ ಇನ್ನೊಂದು ಮಗ್ಗುಲಿಗೆ ಹೋಗಿದ್ದಳು.

"ಯೋಗಾ. ಯೋಗಾನಂದ ಹೌದಿಲ್ಲೋ?"

ಹಿಂದೆ ಬಸವಕುಮಾರ್ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಆ ರೂಮಿನ ನೆಲದ ಮೇಲೆ ಮಲಗಿದ್ದವನದೇ. ಅವನ ಜೊತೆ ಎತ್ತರದ, ನರೆತ ಕೂದಲಿನ ಒಬ್ಬ ವಿದೇಶಿ ಹೆಂಗಸು, ಕೊರಳಿಗೆ ಮೇಳದ ಬಿಲ್ಲೆ ನೇತುಹಾಕಿಕೊಂಡ ಒಬ್ಬ ಯುವಕ. ಬಸವಕುಮಾರ್ ಯೋಗಾನಂದನ ಎರಡೂ ಹೆಗಲು ಹಿಡಿದು ಅಲ್ಲಾಡಿಸಿ, ಇಂಗ್ಲಿಷಿನಲ್ಲಿ ಆ ಹೆಂಗಸಿಗೆ ಹೇಳಿದ: ಇವನು ನನ್ನ ಕ್ಲಾಸ್‌ಮೇಟ್, ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ ಇವನದೇ ಇತ್ತು. ಆಕೆ ಕೈ ಚಾಚಿದಳು. ನೀವು ಈಗಲೂ ಅತಿವಾಸ್ತವ ಶೈಲಿಯಲ್ಲೇ ಬರೆಯುತ್ತೀರಾ ಎಂದು ಕೇಳಿದಳು. ಹೌದು ಎಂದು ತನ್ನ ಬಾಯಿ ಹೇಳಿದ್ದನ್ನು ಯೋಗಾನಂದ ಕೇಳಿಸಿಕೊಂಡ. ಎಷ್ಟೋ ವರ್ಷಗಳಿಂದ ಯಾರೂ ಅವನನ್ನು ಈ ರೀತಿ ನೋಡಿರಲಿಲ್ಲ. ಜೋಳಿಗೆಯ ಪಟ್ಟಿ ಸರಿಮಾಡಿಕೊಂಡು, ಬಣ್ಣದ ಬಗ್ಗೆ ಏನೋ ಒಂದು ಮಾತು ಶುರು ಮಾಡಿದ. ಆ ಹೆಂಗಸು ತಲೆ ಬಾಗಿಸಿ ಕೇಳುತ್ತಿದ್ದಳು. ಮಾತು ಸರಾಗವಾಗಿ ಬರುತ್ತಿದೆ ಎಂದು ಅವನಿಗೇ ಆಶ್ಚರ್ಯವಾಗುತ್ತಿತ್ತು.

ಅಷ್ಟರಲ್ಲಿ ಕುಸುಮಾ ನಕ್ಕಳು. ಹೊಟ್ಟೆಯಿಂದ ಎದ್ದು ಬಂದ ನಗು. ತಡೆಯಲು ನೋಡಿ, ತಡೆಯಲಾಗದೆ, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಭುಜ ಕುಲುಕುತ್ತಿತ್ತು. ಗಿರಣಿಯ ತಗಡಿನ ಸೂರಿಗೆ ಆ ನಗು ತಾಗಿ ಎಲ್ಲ ಕಡೆಯಿಂದ ವಾಪಸು ಬಂತು. ಅಲ್ಲಲ್ಲಿ ನಿಂತವರು ತಿರುಗಿದರು. ಅವಳ ಮುಂದಿನ ಚಿತ್ರದಲ್ಲಿ ಒಂದು ಕೆರೆ, ಕೆರೆಯ ನಡುವೆ ಮಂಚ, ಮಂಚದ ಮೇಲೆ ಎದೆಯವರೆಗೆ ಕಂಬಳಿ ಹೊದ್ದು ಮಲಗಿದ ಒಂದು ಮನೆಬಾಗಿಲು. ಚಿಲಕ ಮೂಗಿನ ಹಾಗಿತ್ತು. ಮಂಚದ ಕೆಳಗೆ, ನೀರಿನ ಮೇಲೆ, ಒಂದು ಜೊತೆ ಚಪ್ಪಲಿ. "ರೀ, ಬನ್ನಿ ಇಲ್ಲಿ. ಬಾಗಿಲು ಗೊರಕೆ ಹೊಡೀತಾ ಇದೆ ನೋಡಿ" ಎಂದು ಅವಳು ಕರೆಯುತ್ತಲೇ ಅವರಿದ್ದ ಕಡೆಗೆ ನಡೆದು ಬಂದಳು. ನೇರಳೆ ರೇಷ್ಮೆ, ಸೊಂಟದಿಂದ ಕಳಚಿದ ಸೆರಗು, ನಕ್ಕು ನಕ್ಕು ನೀರು ತುಂಬಿದ ಕಣ್ಣು.

"ನಿನ್ ಜೋಡಿ ಬಂದಾರೇನೋ ಅವರು?" ಎಂದು ಬಸವಕುಮಾರ್ ಕೇಳಿದ.

"ಇಲ್ಲ. ಯಾರೋ" ಎಂದ ಯೋಗಾನಂದ. "ನಾನು ಒಬ್ನೇ ಬಂದಿದೀನಿ."

ಮಾತು ಮುಗಿಯುವ ಮೊದಲೇ ಅವಳು ನಿಂತುಬಿಟ್ಟಿದ್ದಳು. ಕೇಳಿಸುವಷ್ಟು ಹತ್ತಿರ ಬಂದಿದ್ದಳು. ಅವಳ ಮುಖದಲ್ಲಿ ನಗು ಇನ್ನೂ ಇತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದವಳ ಹಾಗೆ. ಯೋಗಾನಂದ ಪಕ್ಕದ ಗೋಡೆಯನ್ನು ನೋಡಿದ. ಈಗಲೂ ಸರಿಪಡಿಸಬಹುದು, ತಮಾಷೆ ಮಾಡಿದೆ ಎಂದುಬಿಡಬಹುದು, ಒಂದು ಹೆಜ್ಜೆ ಮುಂದಿಟ್ಟರೆ ಸಾಕು ಎಂದು ಅವನಿಗೆ ಹೊಳೆಯಿತು. ಕಾಲು ಅಲ್ಲಾಡಲಿಲ್ಲ. ಬಸವಕುಮಾರ್ ಮಾತ್ರ ಮುಖವರಳಿಸಿ, "ಎಷ್ಟು ಛಲೋ ನಗ್ತಾರ ನೋಡು. ಬೆಳಗಿಂದ ಎಲ್ಲಾರೂ ಈ ಚಿತ್ರದ ಮುಂದ ಮುಖ ಗಂಟ್ ಹಾಕ್ಕೊಂಡು ನಿಂತಿದ್ರು" ಎನ್ನುತ್ತ ತಾನೇ ಅವಳ ಬಳಿ ಹೋದ.

"ಅಕ್ಕಾರ, ಚಿತ್ರ ಮನಸಿಗೆ ಬಂತೇನ್ರಿ?"

"ಚೆನ್ನಾಗಿದೆ" ಎಂದಳು ಕುಸುಮಾ. ದನಿ ತಗ್ಗಿತ್ತು. "ನಮ್ಮ ದೊಡ್ಡಪ್ಪ ಹಿಂಗೇ ಮಲಗ್ತಿದ್ರು. ಅದಕ್ಕೇ ನಗು ಬಂತು. ತಪ್ಪು ತಿಳ್ಕೋಬೇಡಿ."

"ಅಯ್ಯ, ತಪ್ಪೇನ್ರಿ ಅದರಾಗ. ಮನ್ಯಾಗಿನವರು ಯಾರೂ ಜೋಡಿ ಬಂದಿಲ್ಲೇನ್ರಿ?"

ಅವಳು ಯೋಗಾನಂದನ ಕಡೆ ನೋಡಿದಳು. ಅವನ ಜುಬ್ಬಾದ ಗುಂಡಿಗಳ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು, ಮುಖಕ್ಕೆ ಬರಲಿಲ್ಲ.

"ಇಲ್ಲ. ಒಬ್ಳೇ ಬಂದಿದೀನಿ" ಎಂದಳು.

ಆಮೇಲಿನದೆಲ್ಲ ಅವನು ಬಯಸಿದಂತೆಯೇ ನಡೆಯಿತು. ಬಸವಕುಮಾರ್ ಅವನ ತೋಳು ಹಿಡಿದು ಅತಿಥಿಗಳಿಗೆಂದು ಮಾಡಿದ್ದ ಕೋಣೆಗೆ ಕರೆದುಕೊಂಡು ಹೋದ. ಟೀ ಬಂತು, ಬಿಸ್ಕತ್ತು ಬಂತು. ಪತ್ರಿಕೆಗಳಲ್ಲಿ ಮಾತ್ರ ನೋಡಿದ್ದ ಮುಖಗಳ ನಡುವೆ ಅವನಿಗೊಂದು ಕುರ್ಚಿ ಸಿಕ್ಕಿತು. ಬಾವಿಯಿರುವ ಎತ್ತಿನ ಕತೆಯನ್ನು ಬಸವಕುಮಾರ್ ಎಲ್ಲರಿಗೂ ಹೇಳಿದ, ಎಲ್ಲರೂ ಯೋಗಾನಂದನತ್ತ ನೋಡಿದರು. ಇಂಥ ಒಂದು ಮಧ್ಯಾಹ್ನವನ್ನು ಅವನು ಎಷ್ಟೋ ಸಲ, ಮಕ್ಕಳು ತಲೆ ಬಗ್ಗಿಸಿ ಹೂಜಿಗೆ ಬಣ್ಣ ತುಂಬುತ್ತಿದ್ದಾಗ, ಕಿಟಕಿಯಾಚೆ ನೋಡುತ್ತ ಕಲ್ಪಿಸಿಕೊಂಡಿದ್ದ. ಈಗ ಅದರೊಳಗೆ ಕೂತು, ಕೋಣೆಯ ಗಾಜಿನ ಗೋಡೆಯಿಂದಾಚೆ ಶೆಡ್ಡಿನಲ್ಲಿ ಓಡಾಡುವವರ ನಡುವೆ ನೇರಳೆ ಬಣ್ಣ ಹುಡುಕುತ್ತಿದ್ದ. ಒಮ್ಮೆ ಕಂಡಿತು. ಅವಳು ಒಂದು ಚಿತ್ರದ ಮುಂದೆ ನಿಂತು, ಪಕ್ಕದ ಒಬ್ಬ ಕಾಲೇಜು ಹುಡುಗಿಗೆ ಏನೋ ಕೇಳಿದಳು, ಹುಡುಗಿ ಬಗ್ಗಿ, ಕೆಳಗಿನ ಬರಹ ಓದಿ ಹೇಳಿದಳು, ಅವಳು ತಲೆದೂಗಿದಳು. ದಪ್ಪನಾದ, ಕಾಲು ಎಳೆದು ನಡೆಯುವ, ಕತ್ತಿನ ಹತ್ತಿರ ಕೂದಲು ಬೆಳ್ಳಗಾದ ಒಬ್ಬ ಹೆಂಗಸು. ಎಡಗಾಲು ಯಾವಾಗಿನಿಂದ ನೋಯುತ್ತಿದೆಯೋ. ಯಾರೋ ಎಂದದ್ದಕ್ಕೆ ಸರಿಯಾಗಿ ಅವಳು ಈಗ ಯಾರೋ ಆಗಿ ಕಾಣಿಸುತ್ತಿದ್ದಳು, ಮತ್ತು ಹಾಗೆ ಕಂಡಾಗ ಅವಳಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಅವನು ಎದ್ದು ನಿಂತ. "ಕೂಡೋ, ಎಲ್ಲಿ ಹೊಂಟಿ?" ಎಂದು ಬಸವಕುಮಾರ್ ಅವನ ತೋಳೆಳೆದ. ಇನ್ನೊಂದು ಕಪ್ ಟೀ ಬಂತು. ಹೊರಗೆ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಅವಳಿರಲಿಲ್ಲ. ಗೇಟಿನವನನ್ನು ಕೇಳಲು ಹೋಗಿ, ಯಾರೆಂದು ಕೇಳುವುದು ಎಂದು ಹಿಂಜರಿದು, ಸ್ಟೇಷನ್ನಿನ ಕಡೆ ನಡೆದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕುಸುಮಾ ಹಳೇ ಸೀರೆಯುಟ್ಟು ತಾರಸಿಯ ಕುಂಡಗಳಿಗೆ ನೀರು ಹಾಕುತ್ತಿದ್ದಳು. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಂದ ಬಂದದ್ದು ಬೇರೆ.

"ಹೇಳ್ದೆ ಕೇಳ್ದೆ ಬಂದ್ಬಿಟ್ಟೆಯಲ್ಲ."

"ಯಾರಿಗೆ ಹೇಳ್ಬೇಕಿತ್ತು?" ಎಂದಳು. ಕೇಳಿದ ರೀತಿಯಲ್ಲಿ ಚುಚ್ಚು ಇರಲಿಲ್ಲ. ಕೊನೆಯ ಕುಂಡಕ್ಕೂ ನೀರು ಹಾಕಿ, ಚೊಂಬು ಬೋರಲಿಟ್ಟು, ತಾರಸಿಯ ಮೋಟುಗೋಡೆಗೆ ಒರಗಿ ನಿಂತಳು. ಕೆಳಗೆ ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತಿದ್ದ.

"ಏನೋ ಬಾಯ್ತಪ್ಪಿ ಬಂತು ಕಣೇ. ಅವನು ತಟ್ಟಂತ ಕೇಳಿದ. ಆ ಗದ್ದಲದಲ್ಲಿ..."

"ಗದ್ದಲ ಎಲ್ಲಿತ್ತು? ನಾನೊಬ್ಳೇ ನಕ್ಕಿದ್ದು."

ಅವನು ಬೋರಲಿಟ್ಟಿದ್ದ ಚೊಂಬನ್ನು ಎತ್ತಿ ನೆಟ್ಟಗಿಟ್ಟ.

"ನಂಗೆ ಸಿಟ್ಟಿಲ್ಲ" ಎಂದಳು ಅವಳು. "ಮೆಟ್ರೋ ಹತ್ತಿದಾಗ ಇತ್ತು. ಇಳಿಯೋ ಹೊತ್ತಿಗೆ ಹೋಯ್ತು. ಆಮೇಲೆ ಒಂದು ಯೋಚ್ನೆ ಹತ್ಕೊಂಡಿದೆ ನೋಡಿ. ಹಿಂದೆ ಇನ್ನೆಷ್ಟು ಸಲ ಹಿಂಗೆ ಹೇಳಿರಬಹುದು ನೀವು, ನಂಗೆ ಕೇಳಿಸ್ದೇ ಇರೋ ಕಡೆ ಅಂತ."

ಇಲ್ಲ ಎನ್ನಬೇಕಿತ್ತು. ಶಾಲೆಯ ವಾರ್ಷಿಕೋತ್ಸವಗಳು ಅವನ ಕಣ್ಣ ಮುಂದೆ ಬಂದವು. ಎಲ್ಲ ಮೇಷ್ಟ್ರುಗಳೂ ಮನೆಯವರನ್ನು ಕರೆತರುತ್ತಿದ್ದ ಆ ಸಂಜೆಗಳಲ್ಲಿ ಅವನು ಹೆಡ್‌ಮಾಸ್ಟರಿಗೆ, ಅವಳಿಗೆ ಹುಷಾರಿಲ್ಲ ಸಾರ್ ಎನ್ನುತ್ತಿದ್ದ. ಆಗ ಅವಳು ಮನೆಯಲ್ಲಿ ಹಪ್ಪಳ ಕರಿದಿಟ್ಟು, ಫಂಕ್ಷನ್ ಹೇಗಾಯಿತು ಎಂದು ಕೇಳಲು ಬಾಗಿಲಲ್ಲಿ ಕಾಯುತ್ತಿದ್ದಳು. ಮಗಳ ಕಾಲೇಜಿನ ಸೀಟಿನ ಸಲುವಾಗಿ ದೊಡ್ಡವರೊಬ್ಬರ ಮನೆಗೆ ಹೋದಾಗ ಅವಳನ್ನು ಗೇಟಿನ ಹೊರಗೆ ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿ, ಒಬ್ಬನೇ ಒಳಗೆ ಹೋಗಿದ್ದ. ಒಂದೊಂದಕ್ಕೂ ಆಗ ಒಂದೊಂದು ಕಾರಣವಿತ್ತು. ಅವನು ಬಾಯಿ ತೆರೆಯುವುದನ್ನೇ ಅವಳು ಕಾದಳು. ಅವನು ತೆರೆಯಲಿಲ್ಲ. ಅವಳಿಗೆ ಅಷ್ಟು ಸಾಕಾಯಿತೆಂದು ಕಾಣುತ್ತದೆ.

"ಇನ್ಮೇಲೆ ನೀವು ಹೋಗೋ ಕಡೆ ನನ್ನ ಕರೀಬೇಡಿ. ಮನೇಲಿ ಎಲ್ಲ ಇದ್ದ ಹಾಗೇ ಇರುತ್ತೆ. ನಿಮಗೆ ಹುಷಾರು ತಪ್ಪಿದ್ರೆ ಆಸ್ಪತ್ರೆಗೆ ಬರ್ತೀನಿ. ಬೇರೆ ಎಲ್ಲಿಗೂ ಜೊತೇಲಿ ಬರಲ್ಲ" ಎಂದು ಹೇಳಿ, "ಊಟಕ್ಕೆ ತಟ್ಟೆ ಹಾಕ್ತೀನಿ, ಕೈ ತೊಳ್ಕೊಂಡ್ ಬನ್ನಿ" ಎಂದು ಕೆಳಗಿಳಿದಳು.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇತ್ತು. ಅದೇ ಅವನನ್ನು ಕೊರೆಯುತ್ತಿದ್ದದ್ದು. ಕಾಫಿಗೆ ಸಕ್ಕರೆ ಕಡಿಮೆ ಹಾಕುವುದನ್ನು ಅವಳು ಮರೆಯಲಿಲ್ಲ, ಜುಬ್ಬಾ ಒಗೆದು ಮಡಿಸಿಟ್ಟಳು, ಬಿ.ಪಿ. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದಳು. ಸೋಮವಾರವೋ ಮಂಗಳವಾರವೋ, ತುಮಕೂರಿನಲ್ಲಿರುವ ಮಗಳು ಲಕ್ಷ್ಮಿಯ ಫೋನು ಬಂತು. ಯೋಗಾನಂದ ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದು ಕಿವಿಗೊಟ್ಟು ಕೂತ. ಕುಸುಮಾ ಮೇಳದ ಕತೆಯನ್ನೆಲ್ಲ ಹೇಳಿದಳು: ಗೊರಕೆ ಹೊಡೆಯುವ ಬಾಗಿಲು, ಮೀಸೆಯಿರುವ ಮೋಡ, ಮೊಟ್ಟೆಯೊಳಗೆ ಮೆಟ್ಟಿಲು. ಹೇಳುತ್ತ ಹೇಳುತ್ತ ಆ ದೊಡ್ಡ ನಗು ಮತ್ತೆ ಬಂತು. ಮಗಳು ಏನೋ ಕೇಳಿರಬೇಕು. "ಹೂಂ ಕಣೇ, ಅಪ್ಪನ ಜೊತೇಲೇ ಹೋಗಿದ್ದೆ. ಅವರೇ ಕರ್ಕೊಂಡು ಹೋಗಿದ್ರು" ಎಂದಳು. ತನ್ನ ಬಗ್ಗೆ ಮಗಳಿಗೆ ದೂರು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಪತ್ರಿಕೆ ಕೆಳಗಿಟ್ಟು ಆ ಕೋಣೆಗೆ ಹೋದ. ಅವಳು ಫೋನನ್ನು ಅವನ ಕೈಗೆ ಕೊಟ್ಟು, "ಮಾತಾಡಿ" ಎಂದು ಅಡುಗೆಮನೆಗೆ ನಡೆದಳು. ಅಪ್ಪ ಹೇಗಿದೀಯಾ ಎಂದು ಮಗಳು ಕೇಳುತ್ತಿದ್ದಳು. ಚೆನ್ನಾಗಿದೀನಿ ಎಂದ.

ಆ ವಾರದ ನಡುವೆ ಬಾಪೂಜಿ ನಗರದಲ್ಲಿ ಅವಳ ತಮ್ಮನ ಮೊಮ್ಮಗುವಿನ ನಾಮಕರಣವಿತ್ತು. ಅವಳು ಬೆಳಿಗ್ಗೆಯೇ ಬಸ್ಸು ಹತ್ತಿ ಹೋದಳು. ಅವನು ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಗಂಡಸರ ಪಂಕ್ತಿಯಲ್ಲಿ ಕೂತ. ಬಡಿಸುವವರ ಜೊತೆ ಅವಳು ಕೋಸಂಬರಿ ತಂದಳು, ಅವನ ಎಲೆಗೂ ಬಡಿಸಿದಳು, ಮುಂದಿನ ಎಲೆಗೆ ಹೋದಳು. "ಭಾವ, ಅಕ್ಕನ ಜೊತೆ ಬರೋದಲ್ವಾ" ಎಂದು ತಮ್ಮ ಕೇಳಿದ್ದಕ್ಕೆ ಅವಳೇ ದೂರದಿಂದ, "ಅವರಿಗೆ ಕೆಲಸ ಇತ್ತು ಕಣೋ" ಎಂದಳು. ಅವನಿಗೆ ಯಾವ ಕೆಲಸವೂ ಇರಲಿಲ್ಲ. ಬೆಳಗಿಂದ ಮನೆಯಲ್ಲಿ ಒಂದು ಹಾಳೆ ಮುಂದಿಟ್ಟುಕೊಂಡು, ನಕ್ಕು ನಿಂತುಹೋದ ಒಂದು ಮುಖವನ್ನು ಬರೆಯಲು ನೋಡಿ, ಆಗದೆ, ಹಾಳೆ ಹರಿದಿದ್ದ. ಕೈ ಹೂಜಿಯ ಗೆರೆಯನ್ನೇ ಎಳೆಯುತ್ತಿತ್ತು.

ಭಾನುವಾರ ಅವನು ತರಕಾರಿ ತಂದು ಮೆಟ್ಟಿಲು ಹತ್ತುವಾಗ ಬಾಗಿಲಿಗೆ ಬೀಗವಿತ್ತು. ಕೆಳಗಿನ ಮನೆಯ ನೀಲಮ್ಮ ಬೀಗದಕೈ ತಂದುಕೊಟ್ಟಳು. "ಆಂಟಿ ಕೆಂಗೇರಿಗೆ ಹೋದ್ರು ಅಂಕಲ್. ಚಿತ್ರ ನೋಡೋಕಂತೆ, ಇವತ್ತೇ ಕೊನೇ ದಿನ ಅಂತೆ. ನನ್ನೂ ಕರೆದ್ರು, ಮನೇಲಿ ನೆಂಟರು ಅಂತ ನಾನು ಹೋಗ್ಲಿಲ್ಲ" ಎಂದಳು. ಒಳಗೆ ಅಡುಗೆ ಮಾಡಿ ಮುಚ್ಚಿಟ್ಟಿತ್ತು. ಅವನು ಕೂತ, ಎದ್ದ. ನೀಲಮ್ಮನನ್ನು ಕರೆದಿದ್ದಾಳೆ. ತರಕಾರಿ ಚೀಲವನ್ನು ಹಾಗೇ ಬಿಟ್ಟು, ಮನೆಯಲ್ಲಿ ತೊಡುವ ಅಂಗಿಯಲ್ಲೇ ಹೊರಟ.

ಗಿರಣಿಯ ಅಂಗಳದಲ್ಲಿ ಆಗಲೇ ಮರದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ಮೊದಲ ಶೆಡ್ಡಿನಲ್ಲಿ ಅವಳಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಕಳೆದ ವಾರ ತಾನು ಅತಿಥಿಗಳ ಕೋಣೆಯಲ್ಲಿ ಕೂತಿದ್ದರಿಂದ ನೋಡದೇ ಉಳಿದ, ಹಿಂದಿನ ಸಣ್ಣ ಶೆಡ್ಡಿಗೆ ಹೋದ. ಅಲ್ಲಿ ಒಂದೇ ಒಂದು ಚಿತ್ರ, ಗೋಡೆಯಷ್ಟು ಅಗಲ. ಬೋಳು ಬಯಲು, ಬಯಲಿನ ಉದ್ದಕ್ಕೂ ಊಟಕ್ಕೆ ಹಾಕಿದ ಮೇಜು, ಕುರ್ಚಿಗಳಲ್ಲಿ ಮನುಷ್ಯರ ಬದಲು ಎಲೆ ಉದುರಿದ ಮರಗಳು ಕೂತಿದ್ದವು. ಎದುರಿನ ಬೆಂಚಿನ ಮೇಲೆ ಕುಸುಮಾ. ಮನೆಯಲ್ಲಿ ಉಡುವ ನೂಲಿನ ಸೀರೆ. ಎಡಗಾಲಿನ ಚಪ್ಪಲಿ ಬಿಚ್ಚಿ, ಪಾದವನ್ನು ತಣ್ಣನೆಯ ನೆಲಕ್ಕೆ ಊರಿಕೊಂಡಿದ್ದಳು. ನಗುತ್ತಿರಲಿಲ್ಲ. ಅವಳ ಮುಖದಲ್ಲಿ ಅವನು ಯಾವತ್ತೂ ಕಾಣದ ಒಂದು ನಿರಾಳವಿತ್ತು, ಅಥವಾ ಅದು ಯಾವತ್ತೂ ಇದ್ದು ಅವನು ನೋಡಿರಲಿಲ್ಲ. ಆ ಮರಗಳಲ್ಲಿ ಏನು ಕಾಣುತ್ತಿದೆ ಎಂದು ಕೇಳಬೇಕೆನ್ನಿಸಿತು. ಅವನಿಗೆ ಆ ಚಿತ್ರದ ಬಗ್ಗೆ ಹೇಳಲು ಬೇಕಾದಷ್ಟಿತ್ತು. ಅದರಲ್ಲಿ ಒಂದನ್ನೂ ಹೇಳಬಾರದೆಂದು ನಿಶ್ಚಯಿಸಿಕೊಂಡ.

ಬೆಂಚಿನ ತನಕ ನಡೆದು, ಅದರ ಇನ್ನೊಂದು ತುದಿಯ ಬಳಿ ನಿಂತ. ಅವನ ಹೆಜ್ಜೆ ಕೇಳಿಸಿರಬೇಕು. ಅವಳು ತಿರುಗಲಿಲ್ಲ. ಪಕ್ಕದಲ್ಲಿಟ್ಟಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ" ಎಂದಳು.

ಅವನು ಕೂತ. ಮನೆಯಲ್ಲಿ ಅವಳು ಅವನಿಗೆ ಹೀಗೇ ಹೇಳುತ್ತಿದ್ದಳು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಪಕ್ಕಕ್ಕೆ ಬಂದು ನಿಂತ ಯಾರಿಗಾದರೂ ಇದೇ ದನಿಯಲ್ಲಿ ಇದನ್ನೇ ಹೇಳುತ್ತಿದ್ದಳು. ಈಗ ಯಾರಿಗೆ ಹೇಳಿದಳೆಂದು ತಿಳಿಯಲು ಅವಳ ಮುಖ ನೋಡಿದ. ಅವಳು ಚಿತ್ರ ನೋಡುತ್ತಿದ್ದಳು.